ಅಳುವ ಹುಡುಗನ ಪರ ವಕಾಲತ್ತು

"ರೋಬೋ ಹತ್ತು ಅಂದ್ರೆ ಅಳ್ತಾ ಕೂರ್ತಾನಲ್ರೀ, ಇವನೆಂಥ ಹೀರೋ?" ಜಪಾನಿನ ಅನಿಮೆ ಧಾರಾವಾಹಿ 'ನಿಯಾನ್ ಜೆನೆಸಿಸ್ ಇವ್ಯಾಂಜಲಿಯನ್' ಹೆಸರೆತ್ತಿದರೆ ಸಾಕು, ಅರ್ಧ ಜನ ಹೀಗೆ ಮುಗಿಬೀಳುತ್ತಾರೆ, ಉಳಿದರ್ಧ ಕೈಮುಗಿಯುತ್ತಾರೆ. ನಾನು ಕೈಮುಗಿಯುವ ಗುಂಪು.

ಸ್ವಾಮಿ, ಅದರ ನಾಯಕ ಶಿಂಜಿಗೆ ವಯಸ್ಸು ಬರೀ 14. ವರ್ಷಗಟ್ಟಲೆ ದೂರವಿಟ್ಟ ಅಪ್ಪ ದಿಢೀರನೆ ಕರೆಸಿ, ಊಟ ಆಯ್ತಾ ಅಂತಲೂ ಕೇಳದೆ, ಹತ್ತುವುದಾದರೆ ಹತ್ತು, ಇಲ್ಲಾ ಹೊರಡು ಅಂದರೆ ಯಾರಿಗೆ ತಾನೇ ಅಳು ಬಾರದು? ಆ ದೈತ್ಯ ಯಂತ್ರವೋ, ಬೆನ್ನಿಗೆ ವೈರು ಸಿಕ್ಕಿಸಿಕೊಂಡೇ ಕಾದಾಡಬೇಕು. ವೈರು ಕಿತ್ತರೆ ಐದೇ ನಿಮಿಷದ ಬ್ಯಾಟರಿ. ನಮ್ಮ ಮೊಬೈಲೇ ವಾಸಿ! ಅವನಂತೆಯೇ ಯಂತ್ರ ಹತ್ತುವ ಜಂಬದ ಹುಡುಗಿ ಅಸುಕಾಳಿಗೂ ಒಳಗೊಳಗೇ ಗಾಯ. ಒಂದು ಕಂತಿನಲ್ಲಿ ಅವಳೂ ಜೊತೆಯ ಇನ್ನೊಬ್ಬ ಹುಡುಗಿ ರೇಯೂ ಲಿಫ್ಟಿನೊಳಗೆ ಸುಮಾರು 50 ಸೆಕೆಂಡು ಪಿಟಕ್ಕೆನ್ನದೆ ನಿಲ್ಲುತ್ತಾರೆ. ಟಿವಿ ಕೆಟ್ಟಿತೆಂದು ನಾನು ಅದರ ತಲೆಗೆ ಎರಡು ತಟ್ಟಿದ್ದೆ.

1995-96ರಲ್ಲಿ ಬಂದ 26 ಕಂತುಗಳಲ್ಲಿ ಕೊನೆಯೆರಡು, ಯುದ್ಧ ಬಿಟ್ಟು ಮನಸ್ಸಿನೊಳಗೇ ಹೊಕ್ಕವು. ನಿರ್ದೇಶಕರ ಹೆಸರೇ ಹಿದೆಯಾಕಿ ಅನ್ನೋ, ಅನ್ನುವವರೆಲ್ಲ ಅಂದರು. 1997ರಲ್ಲಿ ಅನ್ನೋ ಅವರೇ ಸಿನಿಮಾ ಮಾಡಿ ಇನ್ನೊಂದು ಅಂತ್ಯ ಕೊಟ್ಟರು. ಜಗಳ ತಣ್ಣಗಾಗುವ ಬದಲು ಇನ್ನೂ ಕಾವೇರಿತು.

ಬೈಯಿರಿ, ಬೇಡವೆನ್ನಲಾರೆ. ಆದರೆ 26 ಕಂತೂ ನೋಡಿ ಬೈಯಿರಿ.