ಪೆಡಲ್ ಬಿಟ್ಟು, ಬ್ಯಾಟರಿ ಬಿಟ್ಟು, ಹೊಟ್ಟೆ ಬಿಟ್ಟು

ಭಾನುವಾರ ಬೆಳಿಗ್ಗೆ ತರೀಕೆರೆಯಿಂದ ಲಿಂಗದಹಳ್ಳಿಗೆ ಹೋಗುವ ರಸ್ತೆಯ ಪಕ್ಕ ನಿಂತು ನೋಡಿ. ಬೆಂಗಳೂರಿನ ಕಾರುಗಳು ಸಾಲುಗಟ್ಟಿ ಬರುತ್ತವೆ. ಕಾರಿನ ತೂಕ ಎರಡು ಟನ್ ಹತ್ತಿರ. ಅದರ ಬೆನ್ನಿಗೆ ಕಟ್ಟಿದ ಎಲೆಕ್ಟ್ರಿಕ್ ಮೌಂಟನ್ ಬೈಕ್ 23 ಕೆ.ಜಿ. ಇನ್ನೂರು ಚಿಲ್ಲರೆ ಕಿಲೋಮೀಟರ್ ಡೀಸೆಲ್ ಸುಟ್ಟುಕೊಂಡು ಬಂದ ಮಹಾನುಭಾವರು ಕೆಮ್ಮಣ್ಣುಗುಂಡಿಯ ಬುಡದಲ್ಲಿ ಸೈಕಲ್ ಇಳಿಸುತ್ತಾರೆ. ಅಲ್ಲಿಂದ ಮೇಲಕ್ಕೆ ಪರಿಸರ ಪ್ರೇಮ ಶುರು.

ಇವರಿಗೊಂದು ದೊಡ್ಡ ಸಂಕಟ. ಸೈಕಲ್ ಮೂರು ಕೆ.ಜಿ. ಹೆಚ್ಚು ತೂಗುತ್ತದಂತೆ.

ಪಾಪ.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಮುಂದೆ ಹಿಂದೆ ಸಸ್ಪೆನ್ಷನ್ ಇರುವ, ದೊಡ್ಡ ಮೋಟಾರಿನ ಇಂಥ ಸೈಕಲ್ ಸಾಮಾನ್ಯವಾಗಿ 22ರಿಂದ 25 ಕೆ.ಜಿ. ಇರುತ್ತದೆ. ಬಾಷ್ ಕಂಪನಿಯ ಹೆಸರುವಾಸಿ ಮೋಟಾರೇ 3 ಕೆ.ಜಿ. ಹತ್ತಿರ. ಅದರ 625 ವ್ಯಾಟ್-ಅವರ್ ಬ್ಯಾಟರಿ ಮೂರೂವರೆ. ‘ಹಗುರ’ ಅಂತ ಮಾರುವ ಜಾತಿ ಬೇರೆ ಇದೆ, 16ರಿಂದ 19 ಕೆ.ಜಿ. ಅದರಲ್ಲಿ ಮೋಟಾರು ಚಿಕ್ಕದು, ಬ್ಯಾಟರಿ ಚಿಕ್ಕದು, ಬೆಲೆ ಮಾತ್ರ ದೊಡ್ಡದು. ಕಡಿಮೆ ಕೊಟ್ಟು ಹೆಚ್ಚು ಕೇಳುವ ವ್ಯಾಪಾರ. ನಮ್ಮ ಮಂಡಿಯವರಿಗೂ ಈ ವಿದ್ಯೆ ಇಷ್ಟು ಚೆನ್ನಾಗಿ ಒಲಿದಿಲ್ಲ.

ಆ ತೂಕವಾದರೂ ನಿಜವೇ? ಕಂಪನಿಯ ಪಟ್ಟಿ ಓದಿ. ಅನೇಕ ಕಂಪನಿಗಳು ಪೆಡಲ್ ಹಾಕದೆ ತೂಗುತ್ತವೆ. ಸಣ್ಣ ಅಕ್ಷರದಲ್ಲಿ ಹಾಗಂತ ಬರೆದೂ ಇರುತ್ತವೆ. ಪೆಡಲ್ ಇಲ್ಲದ ಸೈಕಲ್ ಯಾವ ಗುಡ್ಡ ಹತ್ತುತ್ತದೆ ಅಂತ ಯಾರೂ ಕೇಳುವುದಿಲ್ಲ.

ಸರ್ಕಾರ ಕಂಪನಿಗಿಂತ ಜಾಣ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಸಣ್ಣ ಬ್ಯಾಟರಿ ಗಾಡಿಗಳಿಗೆ ವಿನಾಯಿತಿ ಇದೆ. ಮೋಟಾರಿನ 30 ನಿಮಿಷದ ಸಾಮರ್ಥ್ಯ 0.25 ಕಿಲೋವ್ಯಾಟಿಗಿಂತ ಕಡಿಮೆ ಇರಬೇಕು. ವೇಗ ಗಂಟೆಗೆ 25 ಕಿ.ಮೀ.ಗಿಂತ ಕಡಿಮೆ ಇರಬೇಕು. ತೂಕ 60 ಕೆ.ಜಿ. ಮೀರಬಾರದು, ಬ್ಯಾಟರಿ ಬಿಟ್ಟು. ಇಷ್ಟಿದ್ದರೆ ಅದು ಮೋಟಾರು ವಾಹನವೇ ಅಲ್ಲ. ಲೈಸೆನ್ಸ್ ಬೇಡ, ನಂಬರ್ ಪ್ಲೇಟ್ ಬೇಡ. ಬ್ಯಾಟರಿ ಗಾಡಿಯನ್ನು ಬ್ಯಾಟರಿ ತೆಗೆದಿಟ್ಟು ತೂಗುವ ಕಾನೂನು ನಮ್ಮದು.

ಸವಾರರು ಇವರಿಬ್ಬರನ್ನೂ ಮೀರಿಸಿದವರು. ಅವರು ಹೊಟ್ಟೆ ಬಿಟ್ಟು ತೂಗುತ್ತಾರೆ. ಕಾರ್ಬನ್ ಫ್ರೇಮಿಗೆ ಲಕ್ಷಗಟ್ಟಲೆ ಸುರಿದು ಎರಡು ಕೆ.ಜಿ. ಇಳಿಸುವುದು. ದಾರಿಯಲ್ಲಿ ಕಾರು ನಿಲ್ಲಿಸಿ ನಾಲ್ಕು ಬೆಣ್ಣೆ ದೋಸೆ ಇಳಿಸುವುದು. ಬೆನ್ನಿಗೆ ಮೂರು ಲೀಟರ್ ನೀರಿನ ಚೀಲ. ಅಂದರೆ ಮೂರು ಕೆ.ಜಿ. ಅದು ಲೆಕ್ಕಕ್ಕಿಲ್ಲ. ಅದಕ್ಕೆ ಬ್ರ್ಯಾಂಡ್ ಇದೆಯಲ್ಲ.

ಆ ಮೂರು ಕೆ.ಜಿ.ಯ ಲೆಕ್ಕ ಮಾಡಿಯೇ ಬಿಡೋಣ. ತರೀಕೆರೆ ಸಮುದ್ರಮಟ್ಟದಿಂದ ಸುಮಾರು 700 ಮೀಟರ್. ಕೆಮ್ಮಣ್ಣುಗುಂಡಿ 1,434 ಮೀಟರ್. ಸವಾರ, ಸೈಕಲ್ ಸೇರಿ 100 ಕೆ.ಜಿ. ಅಂತಿಟ್ಟುಕೊಳ್ಳಿ. ಅಷ್ಟು ಭಾರವನ್ನು ಅಷ್ಟೆತ್ತರಕ್ಕೆ ಎತ್ತಲು ಬೇಕಾದ ಶಕ್ತಿ ಸುಮಾರು 200 ವ್ಯಾಟ್-ಅವರ್. ಗಾಳಿ, ಟೈರಿನ ಎಳೆತ ಬೇರೆ. ಇದರಲ್ಲಿ ಮೂರು ಕೆ.ಜಿ.ಯ ಪಾಲು ಎಷ್ಟು? 6 ವ್ಯಾಟ್-ಅವರ್. 9 ವ್ಯಾಟಿನ ಎಲ್‌ಇಡಿ ಬಲ್ಬು 40 ನಿಮಿಷ ಉರಿಯುವಷ್ಟು ಕರೆಂಟು. ಮೋಟಾರಿನಲ್ಲಿ ಸೋರಿಹೋಗುವುದನ್ನು ಸೇರಿಸಿದರೂ ಒಂದು ಗಂಟೆ ಉರಿದೀತು. ಹೈಸ್ಕೂಲು ಹುಡುಗರು ಮಾಡುವ ಲೆಕ್ಕ ಇದು. ಇದಕ್ಕೆ ಲಕ್ಷ ಚೆಲ್ಲುವವರು ಮನೆ ಬಿಡುವಾಗ ಬಚ್ಚಲಿನ ದೀಪ ಆರಿಸಿ ಬಂದಿರುತ್ತಾರೆಯೇ? ಅನುಮಾನ.

ಈ ಗುಡ್ಡದಿಂದ ಒಂದು ಕಾಲಕ್ಕೆ ಭದ್ರಾವತಿ ಕಾರ್ಖಾನೆಗೆ ಕಬ್ಬಿಣದ ಅದಿರು ಟನ್‌ಗಟ್ಟಲೆ ಇಳಿದಿದೆ. ರೋಪ್‌ವೇ ಹಾಕಿ ಇಳಿಸಿದ್ದರು. ಈಗ ಅದೇ ಗುಡ್ಡಕ್ಕೆ ಕಬ್ಬಿಣದ ಬೋಲ್ಟಿಗೆ ಹೆದರಿ ಟೈಟಾನಿಯಂ ಬೋಲ್ಟ್ ಹಾಕಿಸಿಕೊಂಡವರು ಹತ್ತುತ್ತಾರೆ.

ಲಿಂಗದಹಳ್ಳಿಯ ಟೀ ಅಂಗಡಿ ಮುಂದೆ ಮೊನ್ನೆ ಇಂಥದೊಂದು ಸೈಕಲ್ ನಿಂತಿತ್ತು. ನಿಂತಿತ್ತು ಅನ್ನುವುದೂ ಸುಳ್ಳು. ಕರೆಂಟು ಕಂಬಕ್ಕೆ ಒರಗಿತ್ತು. ಸ್ಟ್ಯಾಂಡ್ ಇಲ್ಲ. ಕ್ಯಾರಿಯರ್ ಇಲ್ಲ. ಮಡ್‌ಗಾರ್ಡ್ ಇಲ್ಲ. ಬೆಲ್ಲೂ ಇಲ್ಲ. ಹಿಂದಿನ ಚಕ್ರ ಎರಚಿದ ಕೆಸರು ಸವಾರನ ಬೆನ್ನ ಮೇಲೆ ಸೊಂಟದಿಂದ ಕುತ್ತಿಗೆಯವರೆಗೆ ನೆಟ್ಟಗೆ ಪಟ್ಟೆ ಎಳೆದಿತ್ತು. ಅಡಿಕೆ ತೋಟದ ಯಜಮಾನರೊಬ್ಬರು ಸೈಕಲ್ಲಿಗೆ ಒಂದು ಸುತ್ತು ಹಾಕಿದರು.

“ಸ್ಟ್ಯಾಂಡ್ ಕೊಡ್ಲಿಲ್ವಾ ಸಾರ್?”

“ತೂಕ ಕಮ್ಮಿ ಆಗ್ಲಿ ಅಂತ ಹಾಕಿರಲ್ಲ ಯಜಮಾನ್ರೆ.”

“ಕ್ಯಾರಿಯರ್ರು?”

“ಅದೂ ಅಷ್ಟೆ.”

“ದುಡ್ಡಲ್ಲೂ ಅಷ್ಟು ಕಮ್ಮಿ ಮಾಡ್ಕೊಂಡ್ರಾ?”

ಸವಾರ ಟೀ ಲೋಟದೊಳಗೆ ಮುಖ ಹುದುಗಿಸಿದ.

ಸೈಕಲ್ಲಿಗೆ ಕ್ಯಾರಿಯರ್ ಯಾಕೆ ಬೇಕು ಅಂತ ಕಡೂರಿನ ಬಯಲಿಗೆ ಬಂದು ಕೇಳಿ. ಬೇಸಿಗೆಯಲ್ಲಿ ಬನ್ನಿ. ಶುದ್ಧ ನೀರಿನ ಘಟಕದ ಮುಂದೆ ಹಳೇ ಸೈಕಲ್ಲುಗಳ ಸಾಲು. ಹರಿದ ಟ್ಯೂಬಿನಿಂದ ಬಿಗಿದ 20 ಲೀಟರಿನ ಕ್ಯಾನು. ಸೈಕಲ್ಲೇ 20 ಕೆ.ಜಿ. ಆಸುಪಾಸು, ನೀರು ಮತ್ತೆ 20 ಕೆ.ಜಿ. ಮೋಟಾರಿಲ್ಲ. ಗೇರಿಲ್ಲ. ಬ್ರೇಕು ದೈವಾಧೀನ. ತುಳಿಯುವವರು ತಮ್ಮ ಸೈಕಲ್ಲಿನ ತೂಕದ ಬಗ್ಗೆ ವಿಚಾರ ಸಂಕಿರಣ ಮಾಡಿದ್ದನ್ನು ನಾನಂತೂ ಕಾಣೆ.

ನಮ್ಮ ಸರ್ಕಾರವೂ 2006-07ರಲ್ಲಿ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿತ್ತು. ಹಟ್ಟಿ, ತಾಂಡಾಗಳ ಹೆಣ್ಣುಮಕ್ಕಳು ಅದನ್ನು ತುಳಿದುಕೊಂಡು ಹೈಸ್ಕೂಲು ಮುಗಿಸಿದರು. ಹದಿಮೂರು ವರ್ಷದ ಮಗುವಿಗೆ ಅದು ಭಾರವೋ ಹಗುರವೋ ಅಂತ ಕೇಳಿದವರು ಯಾರು? ಕೊರೊನಾ ಬಂದಾಗ ಯೋಜನೆ ನಿಂತಿತು. ಅದಕ್ಕೆ ಸೈಕಲ್ ಪ್ರೇಮಿಗಳು ಒಂದು ಜಾಥಾವನ್ನಾದರೂ ಮಾಡಿದರೇ? ಅವರು ವರ್ಷಕ್ಕೊಮ್ಮೆ ವಿಶ್ವ ಬೈಸಿಕಲ್ ದಿನದಂದು ಟೀ ಶರ್ಟ್ ಹಾಕಿಕೊಂಡು ಫೋಟೊ ತೆಗೆಸಿಕೊಳ್ಳುವುದರಲ್ಲಿ ಬಿಡುವಿಲ್ಲದವರು.

ಅಜ್ಜಂಪುರದ ಕಡೆ ಹೋದರೆ ತೂಕದ ಕಥೆ ಇನ್ನೊಂದು. ಹೈದರ್, ಟಿಪ್ಪು ಸೈನ್ಯದ ತೋಪುಗಳನ್ನು ಎಳೆದ ಅಮೃತಮಹಲ್ ರಾಸುಗಳ ತಳಿ ಕೇಂದ್ರ ಇರುವ ಊರದು. ಭಾರ ಅಂದರೇನು ಅಂತ ಅಲ್ಲಿನ ಎತ್ತುಗಳಿಗೂ ಗೊತ್ತು, ರೈತರಿಗೂ ಗೊತ್ತು. ಅಲ್ಲಿಯ ಈರುಳ್ಳಿ ಮಂಡಿ ಸೇರಿದರೆ ಮಣ್ಣಿನ ಬಾಬ್ತು, ಚೀಲದ ಬಾಬ್ತು ಅಂತ ತೂಕದಲ್ಲಿ ಮುರಿಯುತ್ತಾರೆ. ಚೀಲಕ್ಕೆ ಒಂದೆರಡು ಕೆ.ಜಿ. ಹೋದರೆ ಅದು ಪದ್ಧತಿ. ಸೈಕಲ್ಲಿಗೆ ಒಂದೆರಡು ಕೆ.ಜಿ. ಬಂದರೆ ಅದು ಸಮಸ್ಯೆ.

ಗ್ಯಾಸ್ ಸಿಲಿಂಡರ್ ನೋಡಿ. 14.2 ಕೆ.ಜಿ. ಗ್ಯಾಸು, ಹೆಚ್ಚುಕಡಿಮೆ ಅಷ್ಟೇ ತೂಕದ ಕಬ್ಬಿಣ. ಅದನ್ನು ಹೆಗಲ ಮೇಲೆ ಹೊತ್ತು ಎರಡನೇ ಮಹಡಿ ಹತ್ತುವ ಹುಡುಗನ ಹತ್ತಿರ ಇಪ್ಪತ್ತು ರೂಪಾಯಿಗೆ ಜಗಳ. ಜಗಳ ಮುಗಿಸಿ ಒಳಗೆ ಹೋಗಿ ಕಾರ್ಬನ್ ಹ್ಯಾಂಡಲ್‌ಬಾರ್ ಆರ್ಡರ್ ಮಾಡುವುದು. ಅದು ನೂರು ಗ್ರಾಂ ಉಳಿಸುತ್ತದಂತೆ.

ನಮ್ಮೂರವರೇನು ಕಡಿಮೆಯಿಲ್ಲ. ಕಡೂರಿನಲ್ಲಿ, ಬೀರೂರಿನಲ್ಲಿ ಈಗ ಬ್ಯಾಟರಿ ‘ಮೌಂಟನ್ ಬೈಕ್’ ಬಂದಿವೆ. ದಪ್ಪ ಟೈರು, ಮುಂದೊಂದು ಸ್ಪ್ರಿಂಗು, ಹಿಂದಿನ ಚಕ್ರದಲ್ಲಿ ಮೋಟಾರು. ಗುಡ್ಡ ಇರುವುದು ಸ್ಟಿಕ್ಕರಿನಲ್ಲಿ. ಬಿ.ಎಚ್. ರಸ್ತೆಯಲ್ಲಿ ಎಕ್ಸಿಲೇಟರ್ ತಿರುವಿಕೊಂಡು ಹೋಗುವ ಹುಡುಗರು ಪೆಡಲ್ ಮೇಲೆ ಕಾಲಿಟ್ಟುಕೊಳ್ಳುತ್ತಾರೆ, ತುಳಿಯುವುದಿಲ್ಲ. ಇಂಥ ಅಗ್ಗದ ಸೈಕಲ್ಲುಗಳಲ್ಲಿ ಎಷ್ಟೋ ಬ್ಯಾಟರಿಗಳು 300 ವ್ಯಾಟ್-ಅವರ್ ಕೂಡ ಇಲ್ಲ. ಮೇಲಿನ ಲೆಕ್ಕ ನೆನಪಿಸಿಕೊಳ್ಳಿ. ತುಳಿಯದವನನ್ನು ಅದು ಕೆಮ್ಮಣ್ಣುಗುಂಡಿಗೆ ಮುಟ್ಟಿಸುವುದು ಕಷ್ಟ. ಕಲ್ಲತ್ತಿಗಿರಿಯ ಆಚೀಚೆ ಎಲ್ಲೋ ಕೈಕೊಡುತ್ತದೆ.

ಆಗ ಗೊತ್ತಾಗುತ್ತದೆ ತೂಕ.

ಹೌದು, ತೂಕ ಲೆಕ್ಕಕ್ಕೆ ಬರುತ್ತದೆ. ಮೋಟಾರು ಓಡುವಾಗಲ್ಲ, ನಿಂತಾಗ. ಬ್ಯಾಟರಿ ಸತ್ತ 25 ಕೆ.ಜಿ.ಯನ್ನು ಏರಿನಲ್ಲಿ ನೂಕುವಾಗ. ನೂಕಲು ಸಹಾಯ ಮಾಡುವ ಗುಂಡಿ ಇದೆ ಅಂತ ಕಂಪನಿ ಹೇಳುತ್ತದೆ. ಅದಕ್ಕೂ ಬ್ಯಾಟರಿ ಬೇಕು. ಬೀರೂರು ಜಂಕ್ಷನ್ನಿನ ಮೇಲ್ಸೇತುವೆಯ ಮೆಟ್ಟಿಲು ಹತ್ತಿಸುವಾಗ ತೂಕ ಲೆಕ್ಕಕ್ಕೆ ಬರುತ್ತದೆ. ಬಾಡಿಗೆ ಮನೆಯ ಮೂರನೇ ಮಹಡಿಗೆ ದಿನಾ ಹೊರುವವನಿಗೆ ಲೆಕ್ಕಕ್ಕೆ ಬರುತ್ತದೆ.

ಎಲ್ಲಕ್ಕಿಂತ ಹೆಚ್ಚಾಗಿ ಇಳಿಜಾರಿನಲ್ಲಿ. ಏರುವಾಗ ಮೂರು ಕೆ.ಜಿ.ಗೆ ಗೋಳಾಡುವವರು ಇಳಿಯುವಾಗ ಬ್ರೇಕು ನೋಡುವುದಿಲ್ಲ. ಕೆಮ್ಮಣ್ಣುಗುಂಡಿಯ ತಿರುವುಗಳಲ್ಲಿ 100 ಕೆ.ಜಿ.ಯನ್ನು ತಡೆಯಬೇಕಾದದ್ದು ಬೆರಳಗಲದ ಎರಡು ಜೊತೆ ಪ್ಯಾಡುಗಳು. ಅಗ್ಗದ ಸೈಕಲ್ಲುಗಳಲ್ಲಿ ಅದನ್ನು ಎಳೆಯುವುದು ಒಂದು ತಂತಿ. ಮಳೆಗಾಲದಲ್ಲಿ ಆ ತಂತಿ ಸಡಿಲವಾದರೆ ಕಾರ್ಬನ್ನೂ ಒಂದೇ, ಕಬ್ಬಿಣವೂ ಒಂದೇ.

ಕೊಳ್ಳುವವರಿಗೆ ನನ್ನದೊಂದು ಮಾತು. ಪಟ್ಟಿ ಮುಚ್ಚಿಡಿ. ಬ್ಯಾಟರಿ ಹಾಕಿಸಿ, ಪೆಡಲ್ ಹಾಕಿಸಿ, ಸ್ಟ್ಯಾಂಡೂ ಹಾಕಿಸಿ. ಆಮೇಲೆ ಎರಡು ಕೈಯಲ್ಲಿ ಎತ್ತಿ ನಾಲ್ಕು ಮೆಟ್ಟಿಲು ಹತ್ತಿ ಇಳಿಯಿರಿ. ಆಗಲಿಲ್ಲ ಅಂದರೆ ಬೇಡ. ಆಯಿತು ಅಂದರೆ ಗ್ರಾಂ ಎಣಿಸುವುದನ್ನು ಬಿಟ್ಟು, ಮಿಕ್ಕ ದುಡ್ಡನ್ನು ಒಳ್ಳೆಯ ಹೈಡ್ರಾಲಿಕ್ ಬ್ರೇಕಿಗೆ ಹಾಕಿ. ತೂಗಿಯೇ ತೀರಬೇಕು ಅನ್ನುವ ಹಟ ಇದ್ದರೆ ಅಂಗಡಿಯವನನ್ನು ತಕ್ಕಡಿ ಕೇಳಿ. ಇಲ್ಲ ಅಂತಾನೆ. ಪಕ್ಕದ ಗುಜರಿ ಅಂಗಡಿಯಲ್ಲಿ ಇರುತ್ತದೆ.