‘ನಾನು ಆಗಲೇ ಹೇಳಿದ್ದೆ’ ಸಾಹೇಬರು

ಬೆಂಗಳೂರಿನ ಅಂಚಿನ ಯಾವ ಹೊಸ ಬಡಾವಣೆಗೆ ಹೋದರೂ ಒಂದು ಅಯ್ಯಂಗಾರ್ ಬೇಕರಿ, ಒಂದು ಗಣಪತಿ ಗುಡಿ, ಒಬ್ಬ ನಿವೃತ್ತ ಎಂಜಿನಿಯರ್ ಇದ್ದೇ ಇರುತ್ತಾರೆ. ಬೇಕರಿ ಎಲ್ಲಿದೆಯೆಂದು ಯಾರನ್ನಾದರೂ ಕೇಳಬೇಕಾಗುತ್ತದೆ. ಎಂಜಿನಿಯರ್ ಸಾಹೇಬರನ್ನು ಹುಡುಕಬೇಕಾಗಿಲ್ಲ, ಅವರೇ ಸಿಗುತ್ತಾರೆ. ಬೆಳಗಿನ ಆರಕ್ಕೆ ಮಂಕಿ ಕ್ಯಾಪ್ ತೊಟ್ಟು, ಮೋರಿಯ ಮೇಲೆ ಬಾಗಿ, ಮಡಿಚಿದ ಕೊಡೆಯ ತುದಿಯಿಂದ ಹೂಳಿನ ಆಳ ಅಳೆಯುತ್ತಿರುವವರು ಕಂಡರೆ ಅವರೇ. ಸರ್ವಿಸಿನಲ್ಲಿದ್ದಾಗ ಎಷ್ಟು ಕಾಲುವೆ ಕಟ್ಟಿಸಿದರೋ ಬಡಾವಣೆಯಲ್ಲಿ ಯಾರಿಗೂ ಗೊತ್ತಿಲ್ಲ. ಪಿಂಚಣಿ ಶುರುವಾದ ಮೇಲೆ ಮಾತ್ರ ಊರಿನ ಸಮಸ್ತ ಕಾಲುವೆಗಳ ಭಾರ ಅವರ ಹೆಗಲೇರಿದೆ.

ಎದುರಿಗೆ ಎಲ್ಲರೂ ಅವರನ್ನು ‘ಸಾಹೇಬ್ರೇ’ ಎನ್ನುತ್ತಾರೆ. ಬೆನ್ನ ಹಿಂದಿನ ಹೆಸರು ‘ಆಗ್ಲೇ ಹೇಳಿದ್ದೆ’.

ಸಾಹೇಬರ ಆಸ್ತಿ ಎಂದರೆ ಒಂದು ಹಳೆಯ ಗ್ರಾಮನಕ್ಷೆ. ಅದಕ್ಕೆ ಲ್ಯಾಮಿನೇಷನ್ ಮಾಡಿಸಿ, ಸುರುಳಿ ಸುತ್ತಿ, ಮಗನ ಬ್ಯಾಡ್ಮಿಂಟನ್ ಬ್ಯಾಟಿನ ಚೀಲದಲ್ಲಿ ಇಟ್ಟುಕೊಂಡಿದ್ದಾರೆ. ಕಾಫಿಗೆ ಕರೆದವರ ಮನೆಗೂ ಅದು ಜೊತೆಗೆ ಬರುತ್ತದೆ. ಟೀಪಾಯಿಯ ಮೇಲೆ ಹರಡಿದರೆಂದರೆ ಪಾಠ ಶುರು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆ. ದೊಡ್ಡ ನದಿ ಹತ್ತಿರದಲ್ಲಿಲ್ಲ. ಬಿದ್ದ ಮಳೆ ಮುಖ್ಯವಾಗಿ ಮೂರು ದಿಕ್ಕಿಗೆ ಹರಿದುಹೋಗುತ್ತದೆ: ಹೆಬ್ಬಾಳ ಕಣಿವೆ, ಕೋರಮಂಗಲ–ಚಲ್ಲಘಟ್ಟ ಕಣಿವೆ, ವೃಷಭಾವತಿ ಕಣಿವೆ. ಮೊದಲೆರಡರ ನೀರು ದಕ್ಷಿಣ ಪಿನಾಕಿನಿಗೆ, ಮೂರನೆಯದರದ್ದು ಅರ್ಕಾವತಿಯ ಮೂಲಕ ಕಾವೇರಿಗೆ. ದಾರಿಯುದ್ದಕ್ಕೂ ಹಿರಿಯರು ಕೆರೆ ಕಟ್ಟಿದ್ದರು. ಒಂದು ಕೆರೆ ಕೋಡಿ ಬಿದ್ದರೆ ರಾಜಕಾಲುವೆ ಹಿಡಿದು ನೀರು ಕೆಳಗಿನ ಕೆರೆಗೆ ಹೋಗುತ್ತಿತ್ತು.

“ಈಗ ಕೆರೆ ಎಲ್ಲಿ ಸ್ವಾಮಿ?” ಎನ್ನುತ್ತಾರೆ ಸಾಹೇಬರು. ಉತ್ತರವನ್ನೂ ಅವರೇ ಕೊಡುತ್ತಾರೆ. ಧರ್ಮಾಂಬುಧಿ ಕೆರೆಯಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣ. ಸಂಪಂಗಿ ಕೆರೆಯಲ್ಲಿ ಕಂಠೀರವ ಕ್ರೀಡಾಂಗಣ. ಕೋರಮಂಗಲದ ಕೆರೆಯಲ್ಲಿ ರಾಷ್ಟ್ರೀಯ ಕ್ರೀಡಾಗ್ರಾಮ. ಚಲ್ಲಘಟ್ಟದಲ್ಲಿ ಗಾಲ್ಫ್ ಮೈದಾನ. “ನೀರಿಗೆ ಹಳೇ ಅಡ್ರೆಸ್ಸೇ ಜ್ಞಾಪಕ ಇರೋದು, ಅಲ್ಲಿಗೇ ಬರುತ್ತೆ.” ಇದೆಲ್ಲ ನಿಜವೇ. ಬಡಾವಣೆಯಲ್ಲಿ ಯಾರೂ ಇದನ್ನು ಅಲ್ಲಗಳೆದಿಲ್ಲ. ಹಾಗೆಯೇ, ಯಾರೂ ಇದನ್ನು ಕೊನೆಯವರೆಗೆ ಕೇಳಿಯೂ ಇಲ್ಲ.

ನಿವಾಸಿಗಳ ಸಂಘದ ಸಭೆಯಲ್ಲಿ ಚರ್ಚೆಯಾಗುವುದು ಬೀದಿನಾಯಿ, ಸಿಸಿಟಿವಿ, ಗಣೇಶನ ಚಂದಾ. ‘ಮೋರಿಯ ಹೂಳು’ ಎಂಬ ವಿಷಯ ಕಾರ್ಯಸೂಚಿಯ ಕೊನೆಯಲ್ಲಿರುತ್ತದೆ, ಅಷ್ಟು ಹೊತ್ತಿಗೆ ಬೋಂಡಾ ಬಂದಿರುತ್ತದೆ. ಆದರೂ ಸಂಘದ ಕಾರ್ಯದರ್ಶಿ ಸಾಹೇಬರೇ. ಬೇರೆ ಯಾರೂ ಒಪ್ಪುವುದಿಲ್ಲ. ಪಾಲಿಕೆಯ ಕೌನ್ಸಿಲ್ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದು, ಚುನಾವಣೆಯಿಲ್ಲದೆ ವಾರ್ಡಿಗೆ ಕಾರ್ಪೊರೇಟರೇ ಇಲ್ಲದಂತಾದ ಮೇಲಂತೂ ಜನ ಬೈಗುಳವನ್ನೂ ಸಾಹೇಬರಿಗೇ ಒಪ್ಪಿಸತೊಡಗಿದರು. ಅವರು ಅದನ್ನು ಗೌರವವೆಂದೇ ಸ್ವೀಕರಿಸಿದರು.

2024ರ ಮಾರ್ಚ್‌ನಲ್ಲಿ ಊರಿಗೆ ಊರೇ ಬಿಂದಿಗೆ ಹಿಡಿದು ನಿಂತಿದ್ದಾಗ ಬಡಾವಣೆಯ ಬೋರ್‌ವೆಲ್ ಬತ್ತಿತು. ಟ್ಯಾಂಕರಿನವರು ಬಾಯಿಗೆ ಬಂದ ರೇಟು ಹೇಳಿ, ಕೊನೆಗೆ ಜಿಲ್ಲಾಡಳಿತವೇ ಮಧ್ಯೆ ಬಂದು ಐದು ಕಿಲೋಮೀಟರ್ ಒಳಗಾದರೆ 12,000 ಲೀಟರಿಗೆ 1,000 ರೂಪಾಯಿ ಎಂದು ನಿಗದಿ ಮಾಡಬೇಕಾಯಿತು. ಸಾಹೇಬರು ಆಗ ಗೇಟಿನಲ್ಲಿ ನಿಂತು ಹೇಳಿದ ಮಾತು ಇನ್ನೂ ಚಾಲ್ತಿಯಲ್ಲಿದೆ: “ನೀರಿಲ್ಲ ಅಂತ ಅಳಬೇಡಿ. ಮಳೆಗಾಲ ಹತ್ತಿರ ಬರಲಿ, ನೀರು ಮನೆ ಒಳಕ್ಕೇ ಬರುತ್ತೆ. ಟ್ಯಾಂಕರ್ ಚಾರ್ಜೂ ಇಲ್ಲ.”

ಅವರು ಹೇಳಿದ ನೀರು ಬಂದದ್ದು ಮರುವರ್ಷ, 2025ರ ಮೇ 18ರ ರಾತ್ರಿ.

ಪಂಚಾಂಗದ ಪ್ರಕಾರ ಅದು ಕೃತ್ತಿಕೆ ಮಳೆ, ಹವಾಮಾನ ಇಲಾಖೆಯ ಪ್ರಕಾರ ಮುಂಗಾರುಪೂರ್ವ ಮಳೆ. ನೆಲಮಹಡಿಯವರಿಗೆ ಈ ಭೇದ ತಿಳಿಯಲಿಲ್ಲ. ಮರುದಿನ ಬೆಳಿಗ್ಗೆಯ ಹೊತ್ತಿಗೆ ನಗರದಲ್ಲಿ ನೂರೈದು ಮಿಲಿಮೀಟರಿನಷ್ಟು ಮಳೆ ದಾಖಲಾಗಿತ್ತು. ಮಾನ್ಯತಾ ಟೆಕ್ ಪಾರ್ಕ್, ಸಿಲ್ಕ್ ಬೋರ್ಡ್ ಜಂಕ್ಷನ್ ನೀರಿನಲ್ಲಿ ನಿಂತವು. ಹೊರಮಾವಿನ ಸಾಯಿ ಲೇಔಟಿನಲ್ಲಿ ಜನರನ್ನು ಟ್ರ್ಯಾಕ್ಟರ್, ರಬ್ಬರ್ ದೋಣಿಗಳಲ್ಲಿ ಹೊರತಂದರು. ಅಲ್ಲಿಯ ಗೋಳು ಹೊಸದೇನಲ್ಲ, ಹಿಂದಿನ ಅಕ್ಟೋಬರ್‌ನಲ್ಲೂ ಹೀಗೇ ಆಗಿತ್ತು. ಬಡಾವಣೆ ಇರುವುದು ತಗ್ಗಿನಲ್ಲಿ. ಅಷ್ಟು ದೊಡ್ಡ ರಾಜಕಾಲುವೆ ಹತ್ತಿರದ ರೈಲು ಹಳಿಯ ಕೆಳಗಿನ ಕಿರಿದಾದ ಕಿಂಡಿಗಳಲ್ಲಿ ನುಸುಳಿ ಹೋಗಬೇಕು. ಹೋಗಲಾರದ ನೀರು ಹಿಂದಕ್ಕೆ ತಿರುಗಿ ಮನೆಗಳಿಗೆ ನುಗ್ಗುತ್ತದೆ.

ನಮ್ಮ ಸಾಹೇಬರ ಬಡಾವಣೆಯಲ್ಲಿ ರಾತ್ರಿ ಎರಡರ ಸುಮಾರಿಗೆ ಮೊದಲು ಎದ್ದದ್ದು ನೆಲಮಹಡಿಯ ಬಾಡಿಗೆ ಹುಡುಗರು. ನೆಲದ ಮೇಲೆ ಹಾಸಿದ ಹಾಸಿಗೆ ಒದ್ದೆಯಾಗಿ ಎದ್ದರು. ಬಾಗಿಲು ತೆರೆದವರ ಕಾಲಬುಡದಲ್ಲಿ ಯಾರದೋ ಚಪ್ಪಲಿ ತೇಲಿಬಂದು ಒಳಗೆ ಹೋಯಿತು. ವಾಟ್ಸಾಪ್ ಗ್ರೂಪಿನಲ್ಲಿ ಒಂದಾದ ಮೇಲೊಂದು ಫೋಟೊ: ಬೈಕಿನ ಸೀಟಿನವರೆಗೆ ನೀರು, ಬಚ್ಚಲಿನಿಂದ ಮೇಲಕ್ಕೆ ಉಕ್ಕುತ್ತಿರುವ ನೀರು, ದೇವರ ಮನೆಯ ಹೊಸಿಲು ದಾಟಿದ ನೀರು. ಇವೆಲ್ಲಕ್ಕೂ ಮೊದಲು, ಬಡಾವಣೆಯಲ್ಲಿ ಒಂದು ಹನಿಯೂ ನಿಲ್ಲುವ ಮುಂಚೆ, ಸಾಹೇಬರ ಸಂದೇಶ ಬಂದು ಬಿದ್ದಿತ್ತು: ‘ನಾನು ಆಗಲೇ ಹೇಳಿದ್ದೆ.’ ಗ್ರೂಪನ್ನು ಮ್ಯೂಟ್ ಮಾಡಿಕೊಂಡಿದ್ದವರು ಅದನ್ನು ಓದಿದ್ದು ಮೊಣಕಾಲುದ್ದ ನೀರಿನಲ್ಲಿ ನಿಂತು.

ಸಾಹೇಬರ ಮನೆ ಮೊದಲ ಮಹಡಿಯಲ್ಲಿ. ಬಾಲ್ಕನಿಯಲ್ಲಿ ಪಂಚೆ ಎತ್ತಿಕಟ್ಟಿ, ದೊಡ್ಡ ಟಾರ್ಚು ಹಿಡಿದು ನಿಂತರು. ಕೆಳಗೆ ಅಕ್ಕಪಕ್ಕದವರು ಫ್ರಿಜ್ಜನ್ನು ಊಟದ ಮೇಜಿಗೆ ಏರಿಸುತ್ತಿದ್ದರು. ವಾಷಿಂಗ್ ಮೆಷಿನ್ನನ್ನು ಎಲ್ಲಿಗೂ ಏರಿಸಲಾಗದೆ ಕೈಬಿಟ್ಟಿದ್ದರು. ಆ ಗಡಿಬಿಡಿಯಲ್ಲಿ ತುಂಬಿದ ಗ್ಯಾಸ್ ಸಿಲಿಂಡರ್ ಒಂದು ಅಡುಗೆಮನೆಯಿಂದ ತೇಲುತ್ತ ಹೊರಬಂತು.

“ಸಾಹೇಬ್ರೇ, ತುಂಬಿದ ಸಿಲಿಂಡರ್ ತೇಲ್ತಾ ಇದೆ!”

“ತೇಲ್ಲೇಬೇಕಲ್ರೀ. ಗ್ಯಾಸು ಹದಿನಾಲ್ಕು ಕೆಜಿ, ಕಬ್ಬಿಣ ಹದಿನೈದು ಹದಿನಾರು, ಒಟ್ಟು ಮೂವತ್ತು. ಅದರೊಳಗಿನ ಜಾಗವೇ ಮೂವತ್ತಮೂರು ಲೀಟರು. ಅಂದ್ರೆ ಅದು ಸರಿಸೋ ನೀರಿನ ತೂಕ...”

“ಲೆಕ್ಕ ಆಮೇಲೆ ಸರ್, ಹಗ್ಗ ಎಸೀರಿ!”

ಹಗ್ಗ ಎಸೆದದ್ದು ಸಾಹೇಬರ ಹೆಂಡತಿ. ಆಯಮ್ಮ ಅಷ್ಟರಲ್ಲಿ ಕೆಳಗಿನ ಮೂರು ಮನೆಯ ಮಕ್ಕಳನ್ನು ಮೇಲೆ ಕರೆಸಿ ಹಾಲಿನಲ್ಲಿ ಸಾಲಾಗಿ ಮಲಗಿಸಿ, ದೊಡ್ಡ ಬಾಣಲೆಯಲ್ಲಿ ಉಪ್ಪಿಟ್ಟಿಗೆ ಒಗ್ಗರಣೆ ಹಾಕಿದ್ದರು. ಮೂಲೆಮನೆಯ ಅಜ್ಜಿಯನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಇಬ್ಬರು ಹುಡುಗರು ಎತ್ತಿ ತಂದರು. ಅವರಲ್ಲಿ ಒಬ್ಬನಿಗೆ ಕನ್ನಡ ಬಾರದು, ಅಜ್ಜಿಗೆ ಕನ್ನಡ ಬಿಟ್ಟರೆ ಬೇರೇನೂ ಬಾರದು. ದಾರಿಯುದ್ದಕ್ಕೂ ಅಜ್ಜಿ ಅವನಿಗೆ ಮಳೆ ನಕ್ಷತ್ರಗಳನ್ನು ವಿವರಿಸಿದರು. ಮೆಟ್ಟಿಲ ಮೇಲೆ ಇಳಿಸಿದಾಗ ಸಾಹೇಬರನ್ನು ನೋಡಿ ಹೇಳಿದರು: “ನಮ್ಮೂರಲ್ಲಿ ಇಷ್ಟು ನೀರು ಬಂದಿದ್ರೆ ಕೆರೆ ತುಂಬಿತು ಅಂತ ಬಾಗಿನ ಕೊಡ್ತಿದ್ವಪ್ಪ. ನೀವು ಕೆರೆ ಒಳಗೇ ಮನೆ ಕಟ್ಕೊಂಡು ಕೂತಿದೀರಿ. ಬಾಗಿನ ಯಾರಿಗೆ ಕೊಡೋದು?” ಗ್ರಾಮನಕ್ಷೆ ಇಷ್ಟು ವರ್ಷದಲ್ಲಿ ಹೇಳಲಾಗದ್ದನ್ನು ಅಜ್ಜಿ ಎರಡು ಮಾತಿನಲ್ಲಿ ಮುಗಿಸಿದ್ದು ಸಾಹೇಬರಿಗೆ ಹಿಡಿಸಲಿಲ್ಲ.

ಇಷ್ಟು ಓದಿ ಸಾಹೇಬರನ್ನು ಬರೀ ಮಾತಿನ ಮಲ್ಲ ಎಂದುಕೊಂಡರೆ ತಪ್ಪಾದೀತು. ಬೆಳಕು ಹರಿದ ಮೇಲೆ ಹುಡುಗರು ಎಲ್ಲಿಂದಲೋ ಮೋಟರ್ ಪಂಪ್ ತಂದು, ತಳಮಹಡಿಯ ಪಾರ್ಕಿಂಗ್‌ನಲ್ಲಿ ನಿಂತ ನೀರಿಗೆ ಇಳಿಸಿ, ಗೋಡೆಯ ಸಾಕೆಟ್ಟಿಗೆ ವೈರು ಸಿಕ್ಕಿಸಲು ಹೋದರು. ಸಾಹೇಬರು ಆಗ ಹಾಕಿದ ಕೂಗು ಮುಂದಿನ ರಸ್ತೆಗೂ ಕೇಳಿಸಿತಂತೆ. ಪಂಚೆಯಲ್ಲೇ ಮೆಟ್ಟಿಲಿಳಿದು ಬಂದು, ಮೀಟರ್ ಬೋರ್ಡಿನ ಮೇನ್ ಸ್ವಿಚ್ ಆಫ್ ಆಗಿದೆಯೇ ಎಂದು ತಾವೇ ನೋಡಿ, 1912ಕ್ಕೆ ಫೋನ್ ಹಚ್ಚಿ ಬೆಸ್ಕಾಂನವರಿಂದ ಲೈನ್ ತೆಗೆಸಿ, ಡೀಸೆಲ್ ಪಂಪ್ ಬರುವವರೆಗೆ ಒಬ್ಬರನ್ನೂ ಕೆಳಗಿಳಿಯಲು ಬಿಡಲಿಲ್ಲ. ಹುಡುಗರು ಗೊಣಗಿದರು. ಅದೇ ಮೇ 19ರ ಸಂಜೆ ಬಿಟಿಎಂ ಬಡಾವಣೆಯ ಅಪಾರ್ಟ್‌ಮೆಂಟ್ ಒಂದರಲ್ಲಿ ತಳಮಹಡಿಯ ನೀರು ಹೊರಹಾಕಲು ಹೋಗಿ ಹನ್ನೆರಡು ವರ್ಷದ ಹುಡುಗನೂ ಸೇರಿ ಇಬ್ಬರು ವಿದ್ಯುತ್ ತಗುಲಿ ಸತ್ತ ಸುದ್ದಿ ಟಿವಿಯಲ್ಲಿ ಬಂತು. ಆ ರಾತ್ರಿ ಗ್ರೂಪಿನಲ್ಲಿ ಸಾಹೇಬರ ‘ಆಗಲೇ ಹೇಳಿದ್ದೆ’ ಬರಲಿಲ್ಲ. ಹೇಳುವ ಹಕ್ಕಿದ್ದ ದಿನ ಅವರು ಸುಮ್ಮನಿದ್ದರು.

ಮಾರನೆಯ ದಿನ ಮತ್ತೆ ಯಥಾಪ್ರಕಾರ. ಟ್ರ್ಯಾಕ್ಟರಿನಲ್ಲಿ ಪರಿಶೀಲನೆಗೆ ಬಂದ ಕಿರಿಯ ಎಂಜಿನಿಯರನ್ನು ಸಾಹೇಬರು ಹಿಡಿದರು. ಮೇಲೆ ಆತ, ಕೆಳಗೆ ನೀರಿನಲ್ಲಿ ಇವರು, ನಡುವೆ ನಕ್ಷೆ. 2022ರ ಸೆಪ್ಟೆಂಬರ್ 5, 131 ಮಿಲಿಮೀಟರ್. 2023ರ ಮೇ 21, ಕೆ.ಆರ್. ವೃತ್ತದ ಅಂಡರ್‌ಪಾಸಿನಲ್ಲಿ ಕಾರು ಮುಳುಗಿ ಹೆಣ್ಣುಮಗಳ ಸಾವು. 2024ರ ಜೂನ್ 2, ಒಂದೇ ದಿನ 111 ಮಿಲಿಮೀಟರ್, ಜೂನ್ ತಿಂಗಳಿಗೆ ನೂರು ವರ್ಷ ಮೀರಿದ ದಾಖಲೆ. ಹೆಂಡತಿಯ ಹುಟ್ಟಿದಹಬ್ಬ ಪ್ರತಿ ವರ್ಷ ಮರೆಯುವ ಮನುಷ್ಯ ಇವನ್ನೆಲ್ಲ ಚೀಟಿ ನೋಡದೆ ಹೇಳುತ್ತಾರೆ. ಕಿರಿಯ ಎಂಜಿನಿಯರ್ “ಎಸ್ಟಿಮೇಟ್ ಹಾಕಿದೀವಿ ಸರ್” ಎಂದ. ಸಾಹೇಬರ ಮುಖ ಒಮ್ಮೆಲೇ ಮೃದುವಾಯಿತು. ತಮ್ಮ ಸರ್ವಿಸಿನಲ್ಲಿ ಆ ವಾಕ್ಯವನ್ನು ಎಷ್ಟು ಜನಕ್ಕೆ ಹೇಳಿದ್ದರೋ!

ನೀರು ಇಳಿದ ಮೇಲೆ ಅವರು ಒಂದು ಲೆಕ್ಕ ಹಾಕಿ ಗ್ರೂಪಿಗೆ ಕಳಿಸಿದರು. ಆ ರಾತ್ರಿ ಮೂವತ್ತು–ನಲವತ್ತರ ಒಂದು ಸೈಟಿನ ಮೇಲೆ ಬಿದ್ದ ನೀರು ಸುಮಾರು 11,700 ಲೀಟರ್, ಅಂದರೆ ಹೆಚ್ಚುಕಡಿಮೆ ಒಂದು ಸಾವಿರ ರೂಪಾಯಿಯ ಟ್ಯಾಂಕರ್. ಪ್ರತಿ ಮನೆಯವರೂ ಚಾವಣಿಯ ಪೈಪನ್ನು ಸಂಪಿಗೋ ಇಂಗುಗುಂಡಿಗೋ ಬಿಟ್ಟಿದ್ದರೆ ಅಷ್ಟೂ ನೀರು ರಸ್ತೆಗೆ ಬರುತ್ತಿರಲಿಲ್ಲ. ಹೊಸ ಮನೆಗಳಿಗೆ ಮಳೆನೀರು ಕೊಯ್ಲು ಕಡ್ಡಾಯವೆಂದು ಕಾನೂನೇ ಇದೆ. ಎಲ್ಲರೂ ಪೈಪು ಹಾಕಿಸಿದ್ದಾರೆ, ಫೋಟೊ ತೆಗೆದು ಕಳಿಸಿದ್ದಾರೆ. ಆಮೇಲೆ ಪೈಪಿನ ಬಾಯನ್ನು ರಸ್ತೆಗೆ ತಿರುಗಿಸಿದ್ದಾರೆ.

ಅಷ್ಟರಲ್ಲಿ ಜೆಸಿಬಿ ಬಂತು. ಮೋರಿಯ ಉದ್ದಕ್ಕೂ ಹೂಳೆತ್ತುತ್ತ ಬಂದು ಸಾಹೇಬರ ಗೇಟಿನ ಮುಂದೆ ನಿಂತಿತು. ಅಲ್ಲಿ ಮೋರಿಯ ಮೇಲೆ ಅಚ್ಚುಕಟ್ಟಾದ ಗ್ರಾನೈಟ್ ಚಪ್ಪಡಿ, ಅದರ ಮೇಲೆ ಕಾರು ಹತ್ತುವ ಇಳಿಜಾರು, ಪಕ್ಕದಲ್ಲಿ ನಾಲ್ಕು ಕುಂಡ ದಾಸವಾಳ. ಡ್ರೈವರ್ ಬಕೆಟ್ ಎತ್ತಿದ.

“ಏ, ಏ, ಅದು ಬೇಡಪ್ಪ! ಅದರ ಡಿಸೈನೇ ಬೇರೆ. ಕೆಳಗೆ ಪೂರಾ ಕ್ಲಿಯರ್ ಇದೆ.”

“ನೋಡೇಬಿಡೋಣ ಸರ್,” ಎಂದವನು ಆ ರಾತ್ರಿ ಸಿಲಿಂಡರ್ ಹಿಡಿದಿದ್ದ ನೆರೆಯವನು. ಚಪ್ಪಡಿ ಎದ್ದಿತು. ಕೆಳಗೆ ಒಂದು ತೆಂಗಿನ ಗರಿ, ಥರ್ಮೋಕೋಲ್, ಎಣಿಸಲಾರದಷ್ಟು ಹಾಲಿನ ಕವರು, ಮೋರಿಯ ಮುಕ್ಕಾಲು ಎತ್ತರಕ್ಕೆ ಗಟ್ಟಿಯಾಗಿ ಕೂತ ಹೂಳು. ಕೊಡೆಯ ತುದಿ ಊರಿನ ಎಲ್ಲ ಮೋರಿಗೂ ಇಳಿದಿತ್ತು, ಇದೊಂದನ್ನು ಬಿಟ್ಟು. ನೆರೆಯವರು ನಗಲಿಲ್ಲ. ಅವರವರ ಗೇಟಿನ ಮುಂದೆಯೂ ಅಂಥದೇ ಚಪ್ಪಡಿಗಳಿದ್ದವು, ಜೆಸಿಬಿ ಇನ್ನೂ ಅಲ್ಲಿಗೆ ಬಂದಿರಲಿಲ್ಲ.

ಇನ್ನು ಅವರ ನಿವೇಶನದ ಕಥೆ. ಕೊಳ್ಳುವಾಗ ಏಜೆಂಟು ಹೇಳಿದ್ದು: “ಪಕ್ಕದಲ್ಲಿ ಕಾಲುವೆ ಸಾರ್, ಮುಂದೆ ಯಾವ ಮನೇನೂ ಬರಲ್ಲ, ಗಾಳಿ ಬೆಳಕಿಗೆ ಮೋಸ ಇಲ್ಲ.” ರೇಟೂ ಕಡಿಮೆ ಇತ್ತು. ಕೆರೆ, ಕಾಲುವೆಗಳ ಸುತ್ತ ಎಷ್ಟು ಜಾಗ ಬಿಡಬೇಕೆಂದು ಸಾಹೇಬರಿಗೆ ಬಾಯಿಪಾಠ. 2016ರಲ್ಲಿ ಹಸಿರು ನ್ಯಾಯಮಂಡಳಿ ಕೆರೆಯ ಸುತ್ತ 75 ಮೀಟರ್ ಎಂದದ್ದು, 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿದ್ದು, ಎಲ್ಲವನ್ನೂ ತಾರೀಖು ಸಮೇತ ಹೇಳುತ್ತಾರೆ. ತಮ್ಮ ಕಾಂಪೌಂಡ್ ಗೋಡೆ ಕಾಲುವೆಯಿಂದ ಎಷ್ಟು ದೂರ ಎಂದು ಕೇಳಿದರೆ ಮಾತ್ರ ಟೇಪು ಕೈಗೆ ಸಿಕ್ಕಿರುವುದಿಲ್ಲ.

ಆ ಮೇ ತಿಂಗಳ ಒಟ್ಟು ಮಳೆ 307.9 ಮಿಲಿಮೀಟರಿಗೆ ಮುಟ್ಟಿ, 2023ರ ಮೇ ತಿಂಗಳ ದಾಖಲೆಯನ್ನೂ ಮುರಿಯಿತು. ಮುಂಗಾರು ಕೇರಳಕ್ಕೆ 24ಕ್ಕೇ ಬಂತು. ಸಾಹೇಬರು ಡೈರಿಯಲ್ಲಿ ಬರೆದುಕೊಂಡರು. ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರವೂ ಅದರಡಿ ಐದು ಪಾಲಿಕೆಗಳೂ ಬಂದವು. ಮೊದಲು ಒಂದು ಕಡೆಗೆ ಪತ್ರ ಬರೆಯುತ್ತಿದ್ದವರು ಈಗ ಪ್ರತಿ ಪತ್ರಕ್ಕೂ ಪ್ರಾಧಿಕಾರಕ್ಕೊಂದು, ಪಾಲಿಕೆಗೊಂದು ಪ್ರತಿ ತೆಗೆಸುತ್ತಾರೆ. ಜೆರಾಕ್ಸ್ ಅಂಗಡಿಯವನೊಬ್ಬನಿಗೆ ಈ ಪುನರ್‌ರಚನೆಯಿಂದ ಲಾಭವಾಗಿದೆ.

ಜುಲೈ ಹೊತ್ತಿಗೆ ಗ್ರೂಪನ್ನು ಜನ ಮತ್ತೆ ಮ್ಯೂಟ್ ಮಾಡಿದರು. ಗ್ರಾನೈಟ್ ಚಪ್ಪಡಿಯೂ ತನ್ನ ಜಾಗಕ್ಕೆ ವಾಪಸು ಬಂತು. ಈಗ ಅದಕ್ಕೆ ಎತ್ತಲು ಎರಡು ಕಬ್ಬಿಣದ ಬಳೆ ಇವೆ. ಹಾಕಿಸಿದವರು ಸಾಹೇಬರ ಹೆಂಡತಿ.

ಕೃತ್ತಿಕೆ ಮಳೆ ಪ್ರತಿ ವರ್ಷ ಮೇ 11ರ ಆಸುಪಾಸಿಗೆ ಹುಟ್ಟುತ್ತದೆ. ನಿಮ್ಮ ಬಡಾವಣೆಯಲ್ಲೂ ಇಂಥ ಸಾಹೇಬರೊಬ್ಬರು ಇದ್ದಾರು. ಏಪ್ರಿಲ್ ಮುಗಿಯುವುದರೊಳಗೆ ಅವರ ಗೇಟಿನ ಮುಂದಿನ ಚಪ್ಪಡಿಯನ್ನು ಒಮ್ಮೆ ಎತ್ತಿಸಿ. ಅವರಿಗಿಂತ ಮೊದಲು ನಿಮ್ಮದನ್ನು.