ಕಿರುಬರಹ ಮೀಮಾಂಸೆ: ಸಿ.ವಿ. ರಾಮನ್ ನಗರದ ಆಧಾರದಲ್ಲಿ

ಬರೆಯುವವನು ಬೆಂಗಳೂರಿನ ಇಂದಿರಾನಗರದಲ್ಲಿ ಬಸ್ ಹತ್ತುವಾಗ ಶುರುವಾಗಿ, ಸಿ.ವಿ. ರಾಮನ್ ನಗರದಲ್ಲಿ ಇಳಿಯುವುದರೊಳಗೆ ಮುಗಿದು, ಮನೆ ಮುಟ್ಟುವುದರೊಳಗೆ ಜಗಳಕ್ಕೆ ತಿರುಗುವ ಬರಹಕ್ಕೆ ಕಿರುಬರಹವೆಂದು ಹೆಸರು. ಹನಿಗವನ, ಚುಟುಕ, ಸ್ಟೇಟಸ್, ಟ್ವೀಟು, ಅಪಾರ್ಟ್‌ಮೆಂಟ್ ಗ್ರೂಪಿನ ದೂರು ಇದರ ಪ್ರಭೇದಗಳು. ಹೆಬ್ಬೆರಳಿನ ಚಿತ್ರವೊಂದನ್ನೇ ಕಳಿಸುವುದು ಬರಹವೋ ಅಲ್ಲವೋ ಎಂದು ವಿದ್ವಾಂಸರನ್ನು ಕೇಳಲಾಗಿ, ಅವರೂ ಹೆಬ್ಬೆರಳನ್ನೇ ಕಳಿಸಿ ಸುಮ್ಮನಾಗಿದ್ದಾರೆ.

ಈ ಪ್ರಕಾರಕ್ಕೆ ಕನ್ನಡದಲ್ಲಿ ದೊಡ್ಡ ಮನೆತನವಿದೆ. ಬಸವಣ್ಣ ಕೂಡಲಸಂಗಮದೇವನನ್ನೂ ಅಕ್ಕಮಹಾದೇವಿ ಚೆನ್ನಮಲ್ಲಿಕಾರ್ಜುನನನ್ನೂ ಅಂಕಿತವಾಗಿ ವಚನದೊಳಗೇ ನೇಯ್ದಿಟ್ಟರು. ಸರ್ವಜ್ಞ ತ್ರಿಪದಿಯ ತುದಿಗೆ ತನ್ನ ಹೆಸರನ್ನೇ ಕಟ್ಟಿದ. ಫಾರ್ವರ್ಡ್ ಮಾಡುವವರು ಮೊದಲು ಕತ್ತರಿಸುವುದು ಬರೆದವರ ಹೆಸರನ್ನೇ ಎಂಬುದು ಅಷ್ಟು ಹಿಂದೆಯೇ ಇವರಿಗೆ ಹೊಳೆದದ್ದು ಸಣ್ಣ ಮಾತಲ್ಲ. ಇನ್ನು, ಕಿರಿದೆಂದರೆ ಕಡಿಮೆ ಎಂದು ತಿಳಿಯುವವರು 1943ರಲ್ಲಿ ಬಂದ ಡಿ.ವಿ.ಜಿ.ಯವರ ‘ಮಂಕುತಿಮ್ಮನ ಕಗ್ಗ’ವನ್ನು ಲೆಕ್ಕ ಹಾಕಬೇಕು: ಪದ್ಯಕ್ಕೆ ನಾಲ್ಕೇ ಸಾಲು, ಪದ್ಯಗಳು ಮಾತ್ರ 945; ಒಟ್ಟು 3,780 ಸಾಲು. ಆನ್‌ಲೈನ್ ಬರಹಗಾರ ಇದರಿಂದ ಕಲಿತದ್ದು ಲೆಕ್ಕದ ಭಾಗವನ್ನು. ಹತ್ತು ಪುಟದ ಲೇಖನವನ್ನು ಯಾರೂ ಓದುವುದಿಲ್ಲವೆಂದು ಅವನಿಗೆ ಗೊತ್ತು; ಆದ್ದರಿಂದ ಅದನ್ನೇ ನಲವತ್ತು ತುಂಡು ಮಾಡಿ, ಪ್ರತಿ ತುಂಡಿನ ಕೊನೆಗೂ ‘ಮುಂದುವರಿಯುವುದು’ ಎಂದು ಹಾಕುತ್ತಾನೆ.

ಕಿರುಬರಹದ ಲಾಭಕ್ಕೆ ಪರಮ ಸಾಕ್ಷಿ ಈ ಬಡಾವಣೆಯ ಹೆಸರಿನಲ್ಲೇ ಇದೆ. 1928ರ ಫೆಬ್ರವರಿ 16ರಂದು ಸಿ.ವಿ. ರಾಮನ್ ಮತ್ತು ಕೆ.ಎಸ್. ಕೃಷ್ಣನ್ ಕಲ್ಕತ್ತೆಯಿಂದ ‘ನೇಚರ್’ ಪತ್ರಿಕೆಗೆ ಒಂದು ಟಿಪ್ಪಣಿ ಬರೆದರು. ದ್ರವದಲ್ಲಿ ಚದುರಿದ ಬೆಳಕಿನ ಒಂದಂಶ ಬಣ್ಣ ಬದಲಿಸಿಕೊಂಡು ಬರುತ್ತದೆ ಎಂಬುದು ಅದರ ಸಾರ. ಅಚ್ಚಾದಾಗ ಒಂದು ಪುಟದಷ್ಟೂ ಇರಲಿಲ್ಲ. ಒಂದೇ ಬಣ್ಣದ ಬೆಳಕು ಹಾಯಿಸಿ ರೋಹಿತದರ್ಶಕದಲ್ಲಿ ನೋಡಿ ಖಾತರಿ ಮಾಡಿಕೊಂಡದ್ದು ಫೆಬ್ರವರಿ 28ರಂದು, ಅಂದರೆ ಈಗ ರಾಷ್ಟ್ರೀಯ ವಿಜ್ಞಾನ ದಿನ ಆಚರಿಸುವ ದಿನ. ಮೊದಲು ಪೋಸ್ಟ್, ಆಮೇಲೆ ಪರಿಶೀಲನೆ ಎಂಬ ಸಂಪ್ರದಾಯಕ್ಕೆ ಇದಕ್ಕಿಂತ ಘನವಾದ ಆಧಾರ ಸಿಗಲಾರದು. ಮಾಸ್ಕೋದ ಲಾಂಡ್ಸ್‌ಬರ್ಗ್ ಮತ್ತು ಮಾಂಡೆಲ್‌ಸ್ಟಾಮ್ ಸ್ಫಟಿಕದಲ್ಲಿ ಇದನ್ನೇ ಅದೇ ಫೆಬ್ರವರಿಯಲ್ಲಿ ಕಂಡಿದ್ದರು. ಅವರ ಬರಹ ಅಚ್ಚಾಗುವಷ್ಟರಲ್ಲಿ ಜುಲೈ ಬಂದಿತ್ತು. 1930ರ ನೊಬೆಲ್ ಯಾರಿಗೆ ಬಂತೆಂದು ಹೇಳಬೇಕಾಗಿಲ್ಲ. ಆ ಅರೆಪುಟದ ಹಿಂದೆ 1921ರಿಂದ ನಡೆದ ದುಡಿಮೆ ಇತ್ತೆಂಬುದೂ ನಿಜ, ಆದರೆ ರಾಮನ್ ಮಾರ್ಗದ ಇಂದಿನ ಅನುಯಾಯಿಗಳು ಅರೆಪುಟದಿಂದಲೇ ಆರಂಭಿಸುತ್ತಾರೆ.

ಕನ್ನಡಿಗರನ್ನು ಕಿರುಬರಹಕ್ಕೆ ಹಚ್ಚಿದ್ದರಲ್ಲಿ ಮೊಬೈಲಿನ ಪಾಲೂ ಇದೆ. ಇಂಗ್ಲಿಷಿನ ಒಂದು ಎಸ್ಸೆಮ್ಮೆಸ್ಸಿಗೆ 160 ಅಕ್ಷರ, ಕನ್ನಡದ್ದಕ್ಕೆ 70. ಅದರಲ್ಲೂ ಒತ್ತು, ಗುಣಿತಗಳನ್ನೆಲ್ಲ ಯಂತ್ರ ಬೇರೆ ಬೇರೆ ಎಣಿಸುತ್ತದೆ. ‘ಕ್ಷಮಿಸಿ’ ಎಂದರೆ ಕಣ್ಣಿಗೆ ಮೂರು, ಯಂತ್ರಕ್ಕೆ ಏಳು. ಸಂದೇಶದ ಹತ್ತನೇ ಒಂದು ಪಾಲು ಅಲ್ಲೇ ಮುಗಿಯಿತು. ಕ್ಷಮೆ ಕೇಳುವುದು ದುಬಾರಿಯಾಗಿ, ‘ಹೌದು, ಏನೀಗ?’ ಎನ್ನುವ ಶೈಲಿ ಬೆಳೆದದ್ದಕ್ಕೆ ಇದೇ ಕಾರಣವಿರಬೇಕು.

ಇತರ ಲಾಭಗಳು ಹಲವು. ಎರಡೇ ಸಾಲು ಬರೆದವನ ವ್ಯಾಕರಣದೋಷ ಎರಡು ಸಾಲಿಗಿಂತ ಹೆಚ್ಚಾಗದು. ಅರ್ಥವಾಗದಿದ್ದರೆ ತಪ್ಪು ಓದುಗನದು. ಬಡಾವಣೆಯ ಗ್ರೂಪುಗಳಲ್ಲಿ ಬೆಳಿಗ್ಗೆ ಆರಕ್ಕೆ ಕಾಣುವ ‘ನೀರು ಬರ್ತಿಲ್ಲ’ ಎಂಬ ಕೃತಿಯನ್ನೇ ನೋಡಬಹುದು: ಎರಡು ಪದ, ಪೂರ್ಣವಿರಾಮವಿಲ್ಲ. ಬೆನ್ನಿಗೇ ‘ಇಲ್ಲೂ’ ಎಂಬ ಟೀಕೆ, ಆಮೇಲೆ ‘ಮೋಟರ್ ಹಾಕಿದ್ದೀರಾ’ ಎಂಬ ಭಾಷ್ಯ, ಸೆಕ್ರೆಟರಿಯವರ ಮೌನ, ಕೊನೆಗೆ ಟ್ಯಾಂಕರಿನವನ ನಂಬರು. ಮೂಲಕೃತಿಗಿಂತ ವ್ಯಾಖ್ಯಾನ ಇಷ್ಟು ದೊಡ್ಡದಾದದ್ದು ಬ್ರಹ್ಮಸೂತ್ರದ ನಂತರ ಇದೊಂದೇ ಕಡೆ. ಇಲ್ಲಿನ ರಕ್ಷಣಾ ಪ್ರಯೋಗಾಲಯಗಳಲ್ಲಿ ದುಡಿಯುವವರು ಕಿರುತನವನ್ನು ಇನ್ನೂ ಮುಂದಕ್ಕೆ ಒಯ್ದಿದ್ದಾರೆ. ರಾಡಾರ್, ಜೆಟ್ ಎಂಜಿನ್ನುಗಳ ನಡುವೆ ಹಗಲೆಲ್ಲ ಕಳೆದು ಬಂದವರು ‘ಏನ್ ಕೆಲಸ ಸಾರ್?’ ಎಂದರೆ ‘ಸೆಂಟ್ರಲ್ ಗೌರ್ಮೆಂಟು’ ಎನ್ನುತ್ತಾರೆ, ಮುಂದೆ ಒಂದಕ್ಷರವಿಲ್ಲ.

ರಚನೆಯ ಕಾಲಮಾನವನ್ನು ಇಲ್ಲಿ ಗೊತ್ತುಮಾಡುವುದು ಕಗ್ಗದಾಸಪುರದ ರೈಲ್ವೆ ಗೇಟು. ಗೇಟು ಬೀಳುತ್ತಲೇ ಹೆಲ್ಮೆಟ್ಟಿನ ಗಾಜು ಮೇಲಕ್ಕೆ ಹೋಗುತ್ತದೆ, ಎಡಗೈ ಗ್ಲೌಸು ಹಲ್ಲಿನ ನಡುವೆ ಸೇರುತ್ತದೆ, ಮೊಬೈಲು ಹೊರಬರುತ್ತದೆ. ಹೊಸೂರಿನ ಕಡೆಯ ಪ್ಯಾಸೆಂಜರ್ ರೈಲು ಒಂದು ಹನಿಗವನಕ್ಕೆ ಸಾಕು. ಗೂಡ್ಸ್ ಬಂದರೆ ರಾಜಕೀಯ ವಿಶ್ಲೇಷಣೆಗೂ ಸಮಯ ಸಿಗುತ್ತದೆ. ಗೇಟು ಬೇಗ ಎದ್ದರೆ ಹಿಂದಿನವರ ಹಾರನ್ನಿಗೆ ಬೆದರಿ ಅರ್ಧಕ್ಕೇ ಪೋಸ್ಟ್ ಆದ ಸಾಲುಗಳನ್ನು ‘ಧ್ವನಿಪೂರ್ಣ’ ಎಂದು ಮೆಚ್ಚುವ ವಾಡಿಕೆಯಿದೆ. ಎರಡು ಗೂಡ್ಸ್ ಒಂದರ ಹಿಂದೊಂದು ಬಂದ ದಿನ ಹುಟ್ಟುವುದು ಲೇಖನವಾದ್ದರಿಂದ, ಅದು ಈ ಪ್ರಬಂಧದ ವ್ಯಾಪ್ತಿಗೆ ಸೇರುವುದಿಲ್ಲ.